ಅಮ್ಮನನ್ನು ನೋಡಿಕೊಳ್ಳುವ ಅಕ್ಕನ ಪ್ರಾರ್ಥನೆ: ತಿದ್ದಬೇಕಾ, ಬಿಡಬೇಕಾ?

ಸಾಸಿವೆಕಾಳು:
ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಪಾರ್ಶ್ವವಾಯು ಆಗಿ ಎಂಟು ತಿಂಗಳಾಯಿತು. ಬಲಗೈ ಏಳುವುದಿಲ್ಲ, ಮಾತು ತೊದಲುತ್ತದೆ. ಹಗಲು ನೋಡಿಕೊಳ್ಳಲು ಒಬ್ಬ ಅಕ್ಕ ಬರುತ್ತಾರೆ. ಅವರು ಕ್ರೈಸ್ತರಲ್ಲ, ದಿನಾ ದೇವಸ್ಥಾನಕ್ಕೆ ಹೋಗಿ ಕುಂಕುಮ ಇಟ್ಟುಕೊಂಡೇ ನಮ್ಮ ಮನೆಗೆ ಬರುತ್ತಾರೆ. ಮೊನ್ನೆ ಬಾಗಿಲ ಹತ್ತಿರ ನಿಂತು ನೋಡಿದೆ. ಅಮ್ಮನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಮುಷ್ಟಿ ಕಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚುತ್ತಾ, "ನಿಮ್ಮ ಯೇಸಪ್ಪಂಗೆ ಹೇಳಿದೀನಿ ಅಮ್ಮ, ಅವ್ನು ನೋಡ್ಕೋತಾನೆ ಬಿಡಿ" ಅಂದರು. ಪಕ್ಕದ ಮನೆಯವರಿಗೆ ಹೇಳಿ ಬಂದಷ್ಟು ಸಲೀಸಾಗಿ.

ನಾನು ಚಿಕ್ಕಂದಿನಿಂದ ಭಾನುವಾರ ತಪ್ಪಿಸಿದವಳಲ್ಲ. ಆದರೆ ಈ ಎಂಟು ತಿಂಗಳಲ್ಲಿ ಒಂದು ದಿನವೂ ಅಷ್ಟು ನೆಮ್ಮದಿಯಾಗಿ ಪ್ರಾರ್ಥನೆ ಮಾಡಿಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಿದರೆ, "ಅವಳಿಗೆ ಸರಿಯಾಗಿ ತಿಳಿಸಿ ಹೇಳು, ಹತ್ತು ದೇವರ ಜೊತೆ ಹನ್ನೊಂದನೆಯವನು ಅಂತ ಯೇಸುವನ್ನು ಕರೆದರೆ ಅದು ಪ್ರಾರ್ಥನೆ ಅಲ್ಲ" ಅಂದರು. ನನಗೆ ಬಾಯಿ ಬರುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ದೋಣಿಯ ಹಗ್ಗ:
ಸಿಸ್ಟರ್, ಬೈಬಲಿನ ಮತ್ತಾಯ ಸುವಾರ್ತೆಯ 8ನೇ ಅಧ್ಯಾಯ ಇನ್ನೊಮ್ಮೆ ಓದಿ. ಕಪೆರ್ನೌಮ್ ಊರಿನ ಶತಾಧಿಪತಿಯ, ಅಂದರೆ ನೂರು ಸಿಪಾಯಿಗಳ ಮೇಲಿನ ಅಧಿಕಾರಿಯ, ಆಳಿಗೂ ಪಾರ್ಶ್ವವಾಯುವೇ, ಮನೆಯಲ್ಲಿ ಮಲಗಿ ನರಳುತ್ತಿದ್ದ. ಆ ಶತಾಧಿಪತಿ ಯೆಹೂದ್ಯನಲ್ಲ, ಊರಿನವರಿಗೆ ಆಳುವವರ ಕಡೆಯ ಮನುಷ್ಯ. ಲೂಕ 7ರಲ್ಲಂತೂ ಅವನು ಎದುರಿಗೆ ಬರುವುದೇ ಇಲ್ಲ. ಮೊದಲು ಯೇಸುವಿನ ಹತ್ತಿರ ಊರ ಹಿರಿಯರನ್ನು ಕಳಿಸುತ್ತಾನೆ, ಆಮೇಲೆ ಸ್ನೇಹಿತರನ್ನು. ನೀವು ನನ್ನ ಮನೆವರೆಗೆ ಬರುವುದೂ ಬೇಡ, ಒಂದು ಮಾತು ಹೇಳಿದರೆ ಸಾಕು ಅನ್ನುತ್ತಾನೆ. ಅದಕ್ಕೆ ಕೊಡುವ ಕಾರಣವೂ ಶಾಸ್ತ್ರದ್ದಲ್ಲ, ಸೈನ್ಯದ್ದು: ನಾನು ಹೋಗು ಅಂದರೆ ಸಿಪಾಯಿ ಹೋಗುತ್ತಾನೆ, ಬಾ ಅಂದರೆ ಬರುತ್ತಾನೆ. ತನ್ನ ಕೆಲಸದಲ್ಲಿ ದಿನಾ ನೋಡಿದ್ದರಿಂದಲೇ ನಂಬುವುದನ್ನು ಕಲಿತಿದ್ದ.

ಯೇಸು ಆಶ್ಚರ್ಯಪಟ್ಟ ಅಂತ ಸುವಾರ್ತೆಗಳು ಹೇಳುವುದು ಎರಡೇ ಸಂದರ್ಭದಲ್ಲಿ. ಒಂದು ಇಲ್ಲಿ, ಇವನ ನಂಬಿಕೆ ನೋಡಿ. ಇನ್ನೊಂದು ಮಾರ್ಕ 6ರಲ್ಲಿ, ತಾನು ಬೆಳೆದ ನಜರೇತಿನವರ ಅಪನಂಬಿಕೆ ನೋಡಿ. ನಾನು ಚರ್ಚಿನಲ್ಲೇ ಬೆಳೆದವನು, ಈ ಎರಡನೆಯದು ನನಗೆ ಪ್ರತಿ ಸಲ ಚುಚ್ಚುತ್ತದೆ.

ನೀನು ಯಾರನ್ನು ಪೂಜಿಸುತ್ತೀಯ ಅಂತ ಯೇಸು ಆ ಶತಾಧಿಪತಿಯನ್ನು ಕೇಳಲಿಲ್ಲ. ಆಳಿಗೆ ವಾಸಿಯಾಯಿತು.

ಗುರುವಾರದ ಮೇಣದಬತ್ತಿ:
ನಾನು ಕಥೋಲಿಕಳು. ಪ್ರತಿ ಬಲಿಪೂಜೆಯಲ್ಲಿ, ಅಂದರೆ ನಮ್ಮ ಚರ್ಚಿನ ಆರಾಧನೆಯಲ್ಲಿ, ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳುವ ಮೊದಲು ನಾವೆಲ್ಲ ಹೇಳುವುದು ಆ ಶತಾಧಿಪತಿಯ ಮಾತನ್ನೇ, ನೀವು ನನ್ನಲ್ಲಿಗೆ ಬರಲು ನಾನು ಯೋಗ್ಯನಲ್ಲ ಅಂತ. ಹೊರಗಿನವನ ಮಾತು ಒಳಗಿನವರ ಪ್ರಾರ್ಥನೆ ಆಗಿದೆ. ಬೆಂಗಳೂರಿನ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಒಂದು ಗುರುವಾರ ಹೋಗಿ ನೋಡಿ. ಎಲ್ಲ ಧರ್ಮದವರೂ ಸಾಲಿನಲ್ಲಿ ನಿಂತಿರುತ್ತಾರೆ. ಅಲ್ಲಿ ಯಾರನ್ನಾದರೂ ತಡೆದು ಪ್ರಶ್ನೆ ಕೇಳಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹಳೇ ಸಭಾಂಗಣ:
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಎಲ್ಲವೂ ಇಷ್ಟು ಮೃದುವಾಗಿ ನಡೆಯಿತು ಅಂತ ಹೇಳಬೇಡಿ. ಮತ್ತಾಯ 15ರಲ್ಲಿ ಮಗಳಿಗಾಗಿ ಬೇಡಿಕೊಂಡು ಬಂದ ಕಾನಾನ್ಯ ಹೆಂಗಸಿಗೆ, ಅವಳೂ ಯೆಹೂದ್ಯಳಲ್ಲ, ಯೇಸು ಮೊದಲು ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಮಕ್ಕಳ ರೊಟ್ಟಿಯನ್ನು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಅನ್ನುವ ಮಾತು ಬಂತು. ಅದನ್ನು ಓದುವಾಗ ನನಗೆ ಇವತ್ತಿಗೂ ಕಷ್ಟವಾಗುತ್ತದೆ, ಸುಮ್ನೆ ಹಾರಿಸಿಕೊಂಡು ಹೋಗಲು ಮನಸ್ಸಾಗಲ್ಲ. ಆದರೂ ಅವಳು ಬಿಡಲಿಲ್ಲ, ಮೇಜಿನಿಂದ ಬೀಳುವ ರೊಟ್ಟಿಚೂರು ಸಾಕು ಅಂದಳು. ನಿನ್ನ ನಂಬಿಕೆ ದೊಡ್ಡದು ಅಂತ ಅನ್ನಿಸಿಕೊಂಡವಳು ಅವಳು. ಅವಳನ್ನು ಕಳಿಸಿಬಿಡು ಅಂದವರು ಯಾರು? ಶಿಷ್ಯರು. ನಿಮ್ಮ ದೊಡ್ಡಮ್ಮನ ಮಾತಿನಲ್ಲಿ ನನಗೆ ಅದೇ ಕೇಳಿಸಿತು, ತಪ್ಪು ತಿಳಿಯಬೇಡಿ.

ಹಾಗಂತ ಬಾಯಿ ಮುಚ್ಚಿಕೊಂಡೇ ಇರಬೇಕು ಅಂತಲೂ ನಾನು ಹೇಳುವುದಿಲ್ಲ. ಬೈಬಲಿನಲ್ಲಿ ಪೇತ್ರನ ಮೊದಲ ಪತ್ರ, 3:15 ನೋಡಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ, ಅದನ್ನೂ ಸೌಮ್ಯವಾಗಿ, ಗೌರವದಿಂದ ಕೊಡಿ ಅಂತಿದೆ. ಕೇಳಿದವರಿಗೆ ಅಂತಿದೆ, ಗಮನಿಸಿ. ಆ ಅಕ್ಕ ಕೇಳಿದರೆ ಧಾರಾಳವಾಗಿ ಹೇಳಿ. ಅಮ್ಮನ ಕೈ ಹಿಡಿದು ಎಣ್ಣೆ ಹಚ್ಚುತ್ತಿರುವಾಗ ಪಾಠ ಮಾಡಬೇಡಿ.

ಸಾಸಿವೆಕಾಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ದೊಡ್ಡಮ್ಮನಿಗೆ ಫೋನ್ ಮಾಡಿ, ನನ್ನಿಂದ ಆಗಲ್ಲ ಅಂತ ಹೇಳಿಬಿಟ್ಟೆ. ಬೇಜಾರು ಮಾಡಿಕೊಂಡರು.

ಇವತ್ತು ಬೆಳಗ್ಗೆ ಅಮ್ಮನಿಗೆ ಮತ್ತಾಯ 8 ಓದಿ ಹೇಳಿದೆ. ಅಕ್ಕ ಗಂಜಿ ಆರಿಸುತ್ತಾ ಅಲ್ಲೇ ಕೂತು ಕೇಳಿಸಿಕೊಂಡರು. ಮುಗಿದ ಮೇಲೆ ಅವರು ಕೇಳಿದ್ದು ಇಷ್ಟೇ: "ಆ ಮಲ್ಗಿದ್ದ ಹುಡ್ಗ ಏನೂ ಕೇಳ್ಲೇ ಇಲ್ಲ ಅಲ್ವಾ? ಅವ್ನ ಬದ್ಲು ಇನ್ಯಾರೋ ಕೇಳಿದ್ರೂ ಆಯ್ತಲ್ಲ." ಇಷ್ಟು ವರ್ಷ ಈ ಭಾಗ ಓದಿದ್ದೇನೆ, ಆ ಆಳಿನ ಕಡೆಯಿಂದ ಒಂದು ಸಲವೂ ಯೋಚಿಸಿರಲಿಲ್ಲ.

ಹೌದಕ್ಕ, ಆಯ್ತು ಅಂದೆ. ಅಮ್ಮ ಅವರನ್ನೇ ನೋಡುತ್ತಿದ್ದಳು. ಅಕ್ಕ ಗಂಜಿಯನ್ನು ಮುಂಗೈಗೆ ಒಂದು ಹನಿ ಹಾಕಿಕೊಂಡು ಬಿಸಿ ನೋಡಿ, ಚಮಚ ತೆಗೆದುಕೊಂಡರು.