ಮೀನಿನ ಟ್ಯಾಂಕ್ ಪಿಎಚ್ 8.2 ಅಂತೆ, ಇಳಿಸ್ಬೇಕಾ ಹಂಗೇ ಬಿಡ್ಬೇಕಾ? ಅನುಭವ ಇರೋರು ಹೇಳಿ

ಯಲಹಂಕ ಹೊಸಬ: ನಮಸ್ಕಾರ. ಎರಡಡಿ ಟ್ಯಾಂಕು, 60 ಲೀಟರ್ ಇರಬಹುದು. ಮುಂಚೆ ಕಾವೇರಿ ನೀರಿನ ಮನೆ, ಈಗ ಬೋರ್‌ವೆಲ್ ಅಪಾರ್ಟ್‌ಮೆಂಟ್. 8 ನಿಯಾನ್ ಟೆಟ್ರಾ, 5 ಗಪ್ಪಿ. ಮನೇಲಿ ಸ್ಟ್ರಿಪ್ ಹಾಕಿದ್ರೆ ಪಿಎಚ್ (ನೀರು ಆಸಿಡ್ಡೋ ಕ್ಷಾರವೋ ಅನ್ನೋ ಅಳತೆ) 7.2 ಥರ ಕಾಣತ್ತೆ, ಬಾಟ್ಲೀಲಿ ಟ್ಯಾಂಕ್ ನೀರು ತಗೊಂಡೋದ್ರೆ ಅಂಗಡಿಯವ್ರು ಡ್ರಾಪ್ಸ್ ಹಾಕಿ 8.2 ಅಂತಾರೆ, ಪಿಎಚ್ ಡೌನ್ 260 ರೂಪಾಯಿ ತಗೊಳ್ಳಿ ಅಂತಾರೆ. ಯಾವ್ದು ನಂಬ್ಲಿ? ಮೀನೇನೋ ಆರಾಮಾಗೇ ಇವೆ.

ಡಿಸ್ಕಸ್ ಸಾಕಿ ಸೋತವ: ಆ ಪಿಎಚ್ ಡೌನ್ ಬಾಟ್ಲಿ ಮುಟ್ಬೇಡಿ. ನನ್ನ ಕಥೆ ಕೇಳಿ. 6 ಡಿಸ್ಕಸ್ ಮೀನು, ಒಂದೊಂದು 1,400, ಅಲ್ಲಿಗೆ 8,400. ಬೋರ್ ನೀರು, ಕೆಎಚ್ (ಪಿಎಚ್ ಇಳಿಯದಂಗೆ ಹಿಡಿದಿಡೋ ಕಾರ್ಬೊನೇಟ್ ಗಡಸುತನ) 12. ದಿನಾ ರಾತ್ರಿ ಪಿಎಚ್ ಡೌನ್ ಹಾಕೋದು, ಮಲಗೋವಾಗ 6.8, ಬೆಳಿಗ್ಗೆ ಎದ್ದು ನೋಡಿದ್ರೆ ಮತ್ತೆ 7.9, ಮತ್ತೆ ಹಾಕೋದು, ಹಿಂಗೇ ಹನ್ನೊಂದು ದಿನ ಮೀನನ್ನ ಉಯ್ಯಾಲೆ ಆಡಿಸ್ದೆ. 2 ಹೋದ್ವು. ಫಾಸ್ಫೇಟ್ ಇರೋ ಬಾಟ್ಲಿ ಬೇರೆ, ಗ್ಲಾಸೆಲ್ಲಾ ಪಾಚಿ. ಆಮೇಲೆ ರೋಷಕ್ಕೆ 11,500 ಕೊಟ್ಟು ಆರ್‌ಓ ಹಾಕಿಸಿ ಬರೀ ಆರ್‌ಓ ನೀರೇ ತುಂಬಿಸ್ದೆ. ಅದ್ರಲ್ಲಿ ಕೆಎಚ್ ಸೊನ್ನೆ ಅಂತ ತಲೇಗೆ ಹೋಗ್ಲಿಲ್ಲ. ಒಂದು ತಿಂಗಳಿಗೆ ಪಿಎಚ್ 5.5ಕ್ಕೆ ಇಳೀತು, ಮೀನಿನ ಗಲೀಜಿನ ಅಮೋನಿಯಾ ತಿನ್ನೋ ಫಿಲ್ಟರ್ ಬ್ಯಾಕ್ಟೀರಿಯಾ ಮಂಕಾದ್ವು, ಅಮೋನಿಯಾ ಕೂಡ್ತಾ ಹೋಯ್ತು. ಅಷ್ಟು ಆಸಿಡ್ ನೀರಲ್ಲಿ ಅದು ಅಮೋನಿಯಂ ಆಗಿ ಸುಮ್ನಿರತ್ತೆ, ಮೀನಿಗೆ ಅಷ್ಟು ಗೊತ್ತಾಗಲ್ಲ. ನಾನು ಗಾಬರಿಗೆ ಒಂದೇ ಸಲ ಅರ್ಧ ಟ್ಯಾಂಕ್ ಬೋರ್ ನೀರು ಹಾಕ್ದೆ. ಪಿಎಚ್ ಏರಿದ ಕೂಡ್ಲೇ ಆ ಅಮೋನಿಯಂ ವಿಷ ಆಯ್ತು. ಬೆಳಗಾಗೋಷ್ಟರಲ್ಲಿ 3 ತೇಲ್ತಿದ್ವು. ಉಳಿದ ಒಂದನ್ನ ಫ್ರೆಂಡಿಗೆ ಕೊಟ್ಟೆ. ಆರ್‌ಓ ಈಗ ಕುಡಿಯೋ ನೀರಿಗೆ, ಹೆಂಡ್ತಿ ಮಾತ್ರ ಇವತ್ತಿಗೂ ಅದನ್ನ "ಮೀನಿನ ಮಿಷನ್ನು" ಅಂತಾಳೆ.

ಹುಬ್ಬಳ್ಳಿ ಸಿಕ್ಲಿಡ್: ಅಣ್ಣಾರ, ನೀರಿಗೆ ತಕ್ಕ ಮೀನ ತರಬೇಕ್ರೀ, ಮೀನಿಗೆ ತಕ್ಕ ನೀರ ಮಾಡಾಕ ಹೋಗಿ ರೊಕ್ಕ ಹಾಳ ಮಾಡ್ಕೊಂಡೀರಿ. ನಮ್ಮ ಬೋರ್ ನೀರೂ 8.2 ಐತಿ. ಆಫ್ರಿಕಾದ ಮಲಾವಿ ಸರೋವರದ ಯೆಲ್ಲೋ ಲ್ಯಾಬ್ ಮೀನ ತಂದು ಬಿಟ್ಟೇನಿ, ಅವಕ್ಕ ಇಂಥಾದ್ದ ನೀರ ಬೇಕು. ನಾಕ್ ವರ್ಷ ಆತು, ಬಾಯಾಗ ಮರಿ ಇಟ್ಕೊಂಡ ತಿರಗ್ತಾವು. ಟೆಸ್ಟ್ ಕಿಟ್‌ಗೆ ಒಂದ್ ರೂಪಾಯಿ ಕೊಟ್ಟಿಲ್ಲ ನಾ.

ಡಿಸ್ಕಸ್ ಸಾಕಿ ಸೋತವ: ಕಿಟ್ಟೇ ತಗೊಂಡಿಲ್ಲ ಅಂದ್ಮೇಲೆ 8.2 ಅಂತ ಹೆಂಗೆ ಗೊತ್ತಾಯ್ತು ಸ್ವಾಮಿ? ನಾಲಿಗೆ ಇಟ್ಟು ನೋಡಿದ್ರಾ?

ಹುಬ್ಬಳ್ಳಿ ಸಿಕ್ಲಿಡ್: ನಮ್ಮ ತಮ್ಮ ಕಾಲೇಜ್ ಲ್ಯಾಬಿನ್ಯಾಗ ನೋಡ್ಯಾನ. 2019ರಾಗ.

ಲ್ಯಾಬ್ ಅಕ್ಕ: 2019ರ ರೀಡಿಂಗ್ ಇಟ್ಕೊಂಡು ಈಗ ಜಗಳ ಆಡ್ತಿದ್ದೀರ, ಇರ್ಲಿ. ನಂದು ಬೇರೆ ಗೋಳು. ಪಿಎಚ್ ನೋಡೋ 450ರ ಹಳದಿ ಪೆನ್ ತಗೊಂಡೆ. ಕ್ಲೀನಾಗಿರ್ಲಿ ಅಂತ ಅದರ ತುದೀನ ಆರ್‌ಓ ನೀರಲ್ಲಿ ಮುಳುಗ್ಸಿ ಇಡ್ತಿದ್ದೆ, ಕೆಲಸ ಮಾಡೋದು ಲ್ಯಾಬಲ್ಲಿ, ಮನೇಲಿ ಈ ಬುದ್ಧಿ! ಎರಡು ತಿಂಗಳಲ್ಲಿ ಪೆನ್ 6.1 ತೋರಿಸ್ತು. ಹೆದರ್ಕೊಂಡು ಪಿಎಚ್ ಏರ್ಲಿ ಅಂತ ಒಂದು ಕೆಜಿ ಕೋರಲ್ ಚೂರು ಸುರಿದೆ, 180 ರೂಪಾಯಿ. ಆಮೇಲೆ ಪೆನ್ ಪರೀಕ್ಷೆ ಮಾಡೋ ಬಫರ್ ಪುಡಿ (ಪಿಎಚ್ ಸರಿಯಾಗಿ 6.86 ಇರೋದು) ಕಲಸಿ ಅದ್ದಿದ್ರೆ 6.0 ಅಂತು. ಅಂದ್ರೆ ನೀರು ಸರಿಯಾಗೇ ಇತ್ತು, ಕೆಟ್ಟಿದ್ದು ಪೆನ್ನು. ಪಿಎಚ್ ಒಂದು ಅಂಕಿ ಬದಲಾದ್ರೆ ಆಸಿಡ್ ಹತ್ತು ಪಟ್ಟು ಬದಲಾದಂಗೆ ಕಣ್ರೀ, ಸಣ್ಣ ತಪ್ಪಲ್ಲ. ತುದಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಒದ್ದೆಯಾಗೇ ಇರ್ಬೇಕು. ಡ್ರಾಪ್ಸ್ ಅಂದ್ರೂ ಎರಡು ಥರ ಇರತ್ತೆ, ಕೆಳಗಿನ ರೇಂಜಿನ ಬಾಟ್ಲಿ 7.6ಕ್ಕೇ ಮುಗಿಯತ್ತೆ, ಅದರ ಮೇಲೆ ಎಷ್ಟೇ ಇದ್ರೂ ಅದೇ ನೀಲಿ. ಇನ್ನೊಂದು, ಬೋರ್ ನೀರು ನಲ್ಲಿಯಿಂದ ಹಿಡಿದ ತಕ್ಷಣ ನೋಡ್ಬೇಡಿ, ಕಾರ್ಬನ್ ಡೈಆಕ್ಸೈಡ್ ಕರಗಿರತ್ತೆ, ಕಮ್ಮಿ ತೋರಿಸತ್ತೆ. ಬಕೆಟ್ಟಲ್ಲಿ ಗಾಳಿ ಗುಳ್ಳೆ ಬಿಡೋ ಏರ್ ಸ್ಟೋನ್ ಹಾಕಿ 24 ಗಂಟೆ ಬಿಟ್ಟು ನೋಡಿ.

ಕುಡ್ಲ ಬಾವಿನೀರು: ನಮ್ದು ಉಲ್ಟಾ ಮಾರಾಯ್ರೆ. ಮುರಕಲ್ಲಿನ ಬಾವಿ, ನೀರು 5.8. ಗಪ್ಪಿ ಬಿಟ್ಟರೆ ರೆಕ್ಕೆ ಮುದುಡಿ ಮೂಲೇಲಿ ಕೂತ್ಕೊಳ್ತಿತ್ತು. ಮನೇಲಿ ಮರುವಾಯಿ (ಕಪ್ಪೆಚಿಪ್ಪು) ಪದಾರ್ಥ ಮಾಡಿದ ದಿನ ಚಿಪ್ಪು ತೊಳೆದು ಫಿಲ್ಟರ್ ಚೀಲಕ್ಕೆ ಹಾಕಿದೆ. ಮೂರು ವಾರದಲ್ಲಿ 7. ಖರ್ಚು ಸೊನ್ನೆ. ಮೊದಲನೇ ಸಲ ಸರಿಯಾಗಿ ಕುದಿಸಿರಲಿಲ್ಲ, ಆ ವಾಸನೆ ಮಾತ್ರ ಕೇಳ್ಬೇಡಿ, ಅತ್ತೆ ಎರಡು ದಿನ ಚಾವಡಿಗೆ ಬರಲಿಲ್ಲ.

ಎಲೆ ಮನೆ: ಯಾರೂ ನ್ಯಾಚುರಲ್ ದಾರಿ ಹೇಳ್ತಾನೇ ಇಲ್ಲ. ಕಾಡು ಬಾದಾಮಿ ಎಲೆ ಎರಡು ಹಾಕಿ, ಪಿಎಚ್ ತಾನಾಗೇ ಇಳಿಯತ್ತೆ. 10 ಎಲೆ 150, ಕೊರಿಯರ್ ಬೇರೆ.

ಡಿಸ್ಕಸ್ ಸಾಕಿ ಸೋತವ: ಕೆಎಚ್ 12 ಇರೋ ನೀರಿಗೆ ಎಲೆ ಹಾಕಿದ್ರೆ ಟೀ ಬಣ್ಣ ಬರತ್ತೆ ಅಷ್ಟೇ, ಪಿಎಚ್ ಕದಲಲ್ಲ. ಅದನ್ನೂ ಮಾಡಿದ್ದೀನಿ, 40 ಎಲೆ. ನಮ್ಮ ರಸ್ತೇಲಿ ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕೋ ಎಲೆಗೆ 150ಆ?

ಎಲೆ ಮನೆ: ರಸ್ತೆ ಎಲೇಲಿ ಡೀಸೆಲ್ ಹೊಗೆ ಕೂತಿರತ್ತೆ ಸಾರ್. ನಮ್ದು ತೋಟದ್ದು. ಆರು ಡಿಸ್ಕಸ್ ಸಾಯ್ಸಿದವ್ರು ಕ್ಲಾಸ್ ತಗೋಬೇಡಿ.

ಡಿಸ್ಕಸ್ ಸಾಕಿ ಸೋತವ: ಐದು. ಒಂದು ಬದುಕಿದೆ, ಮೇಲೆ ಬರ್ದಿದ್ದೀನಿ, ಓದೋಕೆ ಬರಲ್ವಾ?

ಹುಬ್ಬಳ್ಳಿ ಸಿಕ್ಲಿಡ್: ಬೆಂಗ್ಳೂರಾಗ ಎಲೀನೂ ಮಾರ್ತಾರಲ್ರೀ ಯಪ್ಪಾ.

ಕುಡ್ಲ ಬಾವಿನೀರು: ಚಿಪ್ಪು ಬೇಕಾದ್ರೆ ನಾನು ಫ್ರೀ ಕೊಡ್ತೇನೆ. ಮಾಂಸ ಕೊಡುವುದಿಲ್ಲ.

ಯಲಹಂಕ ಹೊಸಬ: ಅಕ್ಕ ಹೇಳಿದಂಗೆ ಮಾಡ್ದೆ. ನಾನು ಸ್ಟ್ರಿಪ್ ಹಾಕಿದ್ದು ನಲ್ಲಿ ನೀರಿಗೆ, ಅಂಗಡಿಯವ್ರು ನೋಡಿದ್ದು ಟ್ಯಾಂಕ್ ನೀರು. ಅದೇ ನಲ್ಲಿ ನೀರು ಒಂದು ದಿನ ಬಕೆಟ್ಟಲ್ಲಿಟ್ಟು ಮತ್ತೆ ಸ್ಟ್ರಿಪ್ ಹಾಕಿದ್ರೆ 8 ದಾಟ್ತು. ಅಂದ್ರೆ ಎರಡೂ ಸರೀನೇ ಇತ್ತಾ? ಹಂಗಾದ್ರೆ ಬಾಟ್ಲಿ ತಗೊಳಲ್ಲ. ಆದ್ರೆ ನಿಯಾನ್‌ಗೆ ಈ ನೀರು ನಡಿಯತ್ತಾ ಅಂತ ಯಾರೂ ಹೇಳ್ಲೇ ಇಲ್ಲ.

ಲ್ಯಾಬ್ ಅಕ್ಕ: ಗಪ್ಪಿಗೆ ಗಡಸು ನೀರು ಹಬ್ಬ. ನಿಯಾನ್ ಮೆತ್ತನೆ ನೀರಿನ ಮೀನು, ಆದ್ರೂ ಇರೋವು ಹೊಂದ್ಕೊಂಡು ಆರಾಮಾಗಿದ್ರೆ ಕೆದಕ್ಬೇಡಿ. ಹೊಸ ನಿಯಾನ್ ಮಾತ್ರ ತರಬೇಡಿ.

ಎಲೆ ಮನೆ: ನಿಯಾನ್‌ಗೆ ಎಲೆ ಹಾಕಿದ್ರೆ ಬಣ್ಣ ಚೆನ್ನಾಗ್ ಬರತ್ತೆ.

ಡಿಸ್ಕಸ್ ಸಾಕಿ ಸೋತವ: ಬಂದ್ರು ನೋಡಿ ಮತ್ತೆ.