ಲೆಕ್ಕದ ಮೇಷ್ಟ್ರ ರೀಲು

ಗುಂಪು: ಎಸ್ಸೆಸ್ಸೆಲ್ಸಿ 1980, ದಾವಣಗೆರೆ

ಶಶಿ: ಮೇಲೆ ಒಂದು ಲಿಂಕ್ ಹಾಕಿದ್ದೇನೆ. ‘ಅವರ್ ಡೇ ಔಟ್’ ಅಂತ, ವಿಲ್ಲಿ ರಸೆಲ್ ಬರೆದ ಟಿವಿ ನಾಟಕ. ಬಿಬಿಸಿ 2ರಲ್ಲಿ 1977ರ ಡಿಸೆಂಬರ್ 28ಕ್ಕೆ ಬಂದಿತ್ತು. ಲಿವರ್‌ಪೂಲಿನ ಬಡ ಓಣಿಗಳ ಮಕ್ಕಳು. ಓದು ತಲೆಗೆ ಹತ್ತುವುದಿಲ್ಲ ಅಂತ ಬೇರೆ ಕೂರಿಸಿದ ಕ್ಲಾಸು. ಒಂದು ದಿನದ ಮಟ್ಟಿಗೆ ಬಸ್ಸಿನಲ್ಲಿ ವೇಲ್ಸಿನ ಕಡೆ ಪ್ರವಾಸ ಹೊರಡುತ್ತಾರೆ. ಝೂ, ಕಾನ್ವಿ ಕೋಟೆ, ಸಮುದ್ರ. ನಾನಿರುವ ಚೆಸ್ಟರ್‌ನಿಂದ ಆ ಕೋಟೆಗೆ ಹತ್ತಿರ ಹತ್ತಿರ ಒಂದು ಗಂಟೆ ದಾರಿ. ನೋಡಿ, ಚೆನ್ನಾಗಿದೆ. ಅವರ ಇಂಗ್ಲಿಷ್ ಅರ್ಥವಾಗುವುದು ಕಷ್ಟ, ಗಾಬರಿಯಾಗಬೇಡಿ.

ನಾಗ: ಎಲ್ಲರಿಗೂ ಶುಭ ಭಾನುವಾರ 🌹🌹 ನನ್ನ ಡೇಟಾ ಮುಗಿದಿದೆ, ರಾತ್ರಿ ನೋಡುತ್ತೇನೆ.

ವಿಶ್ವ: ನೋಡಿದೆ. ಆ ಮಿಸೆಸ್ ಕೇ ಟೀಚರಮ್ಮ ನಮ್ಮ ಇಲಾಖೆಯಲ್ಲಿದ್ದಿದ್ದರೆ ಸಂಜೆಯೊಳಗೆ ಸಸ್ಪೆಂಡ್. ಬಸ್ಸಿನಲ್ಲಿ ತಿಂಡಿ ತಿನ್ನಕೂಡದು ಅಂದ ಡ್ರೈವರಿಗೆ, ‘ಪಾಪ, ಈ ಮಕ್ಕಳು ಚಾಕೊಲೇಟಿನ ಮುಖ ನೋಡಿದವರಲ್ಲ’ ಅಂತ ಸುಳ್ಳು ಕಥೆ ಕಟ್ಟುತ್ತಾರೆ. ಅವನು ಕರಗಿ ತನ್ನ ಜೇಬಿನಿಂದಲೇ ದುಡ್ಡು ಕೊಡುತ್ತಾನೆ. ಇತ್ತ ಮಕ್ಕಳ ಜೇಬಿನ ತುಂಬ ಮಿಠಾಯಿ! ಆಮೇಲೆ ದಾರಿಯ ಅಂಗಡಿಯಲ್ಲಿ ಕಳ್ಳತನ. ಝೂನಲ್ಲಿ ಸಣ್ಣಪುಟ್ಟ ಪ್ರಾಣಿಗಳನ್ನೇ ಕೋಟಿನೊಳಗೆ ಇಟ್ಟುಕೊಂಡು ಬಂದರು. ಇದಕ್ಕೆಲ್ಲ ನಗಬೇಕಾ?

ಸುಮಾ: ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ವಿಶ್ವ: ನೀನು ಬ್ಯಾಂಕಿನಲ್ಲಿದ್ದವಳು ಸುಮಾ. ನಾನು ಮೂವತ್ತು ವರ್ಷ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋದವನು. ಬಸ್ ಹತ್ತುವಾಗ 52 ತಲೆ. ಟೀ ಕುಡಿದ ಮೇಲೆ ಎಣಿಸಿದರೆ 51. ಆ ಒಂದು ನಿಮಿಷದಲ್ಲಿ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಎಣಿಸಿದವನಿಗೆ ಮಾತ್ರ ಗೊತ್ತು. ಹೆಡ್ಮಾಸ್ತರು ಕಾವಲಿಗೆ ಅಂತ ಕಳಿಸಿದ ಇನ್ನೊಬ್ಬ ಮೇಷ್ಟ್ರು ಬ್ರಿಗ್ಸ್ ಕೂಗಾಡುತ್ತಾನೆ, ಸರಿ. ಆದರೆ ಇಡೀ ಬಸ್ಸಿನಲ್ಲಿ ತಲೆ ಎಣಿಸುವವನು ಅವನೊಬ್ಬನೇ.

ಗೀತಾ: ಕೋಟೆಯಲ್ಲಿ ಅವನು ಪಾಠ ಮಾಡಲು ಹೋಗುವುದು ಸ್ವಲ್ಪ ಅತಿಯಾಯಿತು ಅಲ್ವಾ? ಮಕ್ಕಳು ಓಡಾಡಲಿ ಬಿಡಪ್ಪ ಅನಿಸಿತು.

ವಿಶ್ವ: ಅಷ್ಟು ದೂರ ಹೋಗಿ ಕೋಟೆ ಯಾರು ಕಟ್ಟಿದ್ದು ಅಂತ ತಿಳಿಯಬಾರದಾ?

ಶಶಿ: ಕಟ್ಟಿಸಿದ್ದು ಇಂಗ್ಲೆಂಡಿನ ದೊರೆ ಮೊದಲನೇ ಎಡ್ವರ್ಡ್, 1283ರಿಂದ 1287ರೊಳಗೆ. ವೇಲ್ಸಿನವರು ತಲೆ ಎತ್ತದಂತೆ ಹಿಡಿದಿಡಲು. ಎಂಟು ದಪ್ಪ ಗೋಪುರಗಳಿವೆ. ನಾನು ನಾಲ್ಕು ಸಲ ಹೋಗಿದ್ದೇನೆ. ಮೇಲೆ ಗಾಳಿ ಹೇಗಿರುತ್ತದೆ ಅಂದರೆ ಪಾಠ ಮಾಡಿದರೂ ಯಾರಿಗೂ ಕೇಳಿಸುವುದಿಲ್ಲ.

ಗೀತಾ: ನನಗೆ ಹಿಡಿಸಿದ್ದು ಕರಡಿ. ಗುಂಡಿಯಲ್ಲಿ ಒಂದು ಕರಡಿ ಇದೆ. ಹುಡುಗರು ಬಗ್ಗಿ ನೋಡುತ್ತಿದ್ದಾರೆ. ಅದು ಹುಟ್ಟಿದ್ದೇ ಇಲ್ಲಿ, ಬೇರೆ ಬದುಕು ಅದಕ್ಕೆ ಗೊತ್ತಿಲ್ಲ, ಹಾಗಾಗಿ ದುಃಖವಿಲ್ಲ ಅಂತ ಬ್ರಿಗ್ಸ್ ತಿಳಿಸಿ ಹೇಳುತ್ತಾನೆ. ಒಬ್ಬ ಹುಡುಗ ಒಪ್ಪುವುದೇ ಇಲ್ಲ. ಗೊತ್ತಿಲ್ಲ ಅಂದಮೇಲೆ ಹೊರಗೆ ಬರಬೇಕು ಅಂತ ಅದಕ್ಕೆ ಯಾಕೆ ಅನಿಸುತ್ತದೆ ಸಾರ್ ಅಂತ ಅವನ ವಾದ. ಬ್ರಿಗ್ಸ್ ಹತ್ತಿರ ಉತ್ತರ ಇಲ್ಲ. ದಡ್ಡರ ಕ್ಲಾಸಂತೆ!

ಸುಮಾ: ಅದೇ. ಮಿಸೆಸ್ ಕೇ ಜಗಳದಲ್ಲಿ ಹೇಳುವುದೂ ಅದೇ. ಈ ಮಕ್ಕಳನ್ನು ಸಾಲಾಗಿ ಕೂರಿಸಿ ಬಗ್ಗಿಸುತ್ತಿದ್ದದ್ದು ಫ್ಯಾಕ್ಟರಿಗೆ ಕಳಿಸಲಿಕ್ಕೆ. ಈಗ ಫ್ಯಾಕ್ಟರಿಗಳೇ ಇಲ್ಲ. ಒಂದು ದಿನವಾದರೂ ನಗಲಿ ಬಿಡಿ ಅಂತ. ನನಗೆ ಅಲ್ಲಿ ನಗು ನಿಂತುಹೋಯಿತು. ನಮ್ಮ ಬೆಂಚಿನಲ್ಲಿ ಅರ್ಧ ಜನರ ಅಪ್ಪಂದಿರು ಮಿಲ್ಲಿನವರೇ ಅಲ್ವಾ? ಕರ್ನಾಟಕದ ಮ್ಯಾಂಚೆಸ್ಟರ್ ಅಂತ ನಮ್ಮೂರನ್ನು ಕರೆಯುತ್ತಿದ್ದರು. ಮಿಲ್ಲು ನಿಂತ ಮೇಲೂ ಅಪ್ಪ ಎಷ್ಟೋ ದಿನ ಶಿಫ್ಟಿನ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಜಗಲಿ ಮೇಲೆ ಕೂರುತ್ತಿದ್ದರು. ಡಬ್ಬಿ ಕಟ್ಟಬೇಕೋ ಬೇಡವೋ ಅಂತ ಅಮ್ಮನಿಗೆ ತಿಳಿಯುತ್ತಿರಲಿಲ್ಲ.

ಶಶಿ: ಈ ನಾಟಕ ಬಂದ ಕೆಲವೇ ತಿಂಗಳಿಗೆ, 1978ರಲ್ಲಿ, ಲಿವರ್‌ಪೂಲಿನ ಸ್ಪೀಕ್‌ನಲ್ಲಿದ್ದ ಟ್ರಯಂಫ್ ಕಾರಿನ ಫ್ಯಾಕ್ಟರಿ ಮುಚ್ಚಿತು. ಬಂದರಿನ ಕೆಲಸ ಅದಕ್ಕಿಂತ ಮೊದಲೇ ಇಳಿಮುಖ. 1981ರಲ್ಲಿ ಅದೇ ಊರಿನ ಟಾಕ್ಸ್‌ಟೆತ್ ಗಲಭೆ. ಮಿಸೆಸ್ ಕೇ ಹೇಳಿದ್ದು ಸುಳ್ಳಲ್ಲ.

ವಿಶ್ವ: ಸುಳ್ಳು ಅಂತ ನಾನೆಲ್ಲಿ ಹೇಳಿದೆ? ಆದರೆ ‘ಓದಿ ಏನೂ ಉಪಯೋಗವಿಲ್ಲ’ ಅಂತ ಟೀಚರೇ ತೀರ್ಮಾನ ಮಾಡಿಬಿಟ್ಟರೆ ಆ ಮಗುವಿಗೆ ಇನ್ಯಾರು ಗತಿ? ನಾಟಕ ಬರೆದ ರಸೆಲ್ಲನನ್ನೇ ನೋಡು. 15ಕ್ಕೆ ಶಾಲೆ ಬಿಟ್ಟವನು. ಹೇರ್‌ಡ್ರೆಸ್ಸರ್ ಆಗಿದ್ದವನು. ಆಮೇಲೆ ಮತ್ತೆ ಓದಿ, ಅದೇ ಊರಿನಲ್ಲಿ ಮೇಷ್ಟ್ರಾದ. ಅವನಿಗೆ ಯಾರಾದರೂ ‘ಸುಮ್ನೆ ಸಮುದ್ರ ನೋಡಿಕೊಂಡು ಬಾ’ ಅಂದಿದ್ದರೆ ಈ ನಾಟಕವೇ ಇರುತ್ತಿರಲಿಲ್ಲ. ಸುಮಾ, ನಿನ್ನ ಅಪ್ಪನೂ ನಿನಗೆ ಮಿಲ್ಲು ಹೋಯಿತು ಓದಬೇಡ ಅನ್ನಲಿಲ್ಲ.

ಸುಮಾ: ಅದು ಸರಿ.

ಸುಮಾ: ಆದರೆ ಕ್ಯಾರಲ್?

ಗೀತಾ: ಹೌದು, ಕ್ಯಾರಲ್. ಬಸ್ಸಿನ ಕಿಟಕಿಯಿಂದ ತೋಟದ ಮನೆಗಳನ್ನು ನೋಡಿ, ದೊಡ್ಡವಳಾದ ಮೇಲೆ ಅಲ್ಲಿ ಇರಬಹುದಾ ಅಂತ ಕೇಳುವ ಹುಡುಗಿ. ಸಂಜೆ ಅವಳು ಬಸ್ಸಿಗೆ ಬರುವುದಿಲ್ಲ. ಬಂಡೆಯ ತುದಿಯಲ್ಲಿ ನಿಂತು, ನಾನು ವಾಪಸ್ ಬರಲ್ಲ ಅನ್ನುತ್ತಾಳೆ. ಬ್ರಿಗ್ಸ್ ಮೊದಲು ಗದರಿಸುತ್ತಾನೆ. ಆಮೇಲೆ ಅವನಿಗೇ ಮಾತು ಸಿಗುವುದಿಲ್ಲ. ಕೈ ಚಾಚುತ್ತಾನೆ.

ವಿಶ್ವ: ಹಿಡಿದಿದ್ದು ಯಾರು ಗೀತಾ? ಮಿಸೆಸ್ ಕೇ ಅಲ್ಲ.

ಗೀತಾ: ಒಪ್ಪಿದೆ ಕಣೋ.

ನಾಗ (ರಾತ್ರಿ 10:40): ಈಗ ಮುಗಿಯಿತು. ಆಮೇಲೆ ಅವನೇ ಜಾತ್ರೆಗೆ ಕರೆದುಕೊಂಡು ಹೋಗುತ್ತಾನಲ್ಲ! ಕೌಬಾಯ್ ಟೋಪಿ ಹಾಕಿಕೊಂಡು ಮಕ್ಕಳ ಜೊತೆ ಕುಣಿದಾಟ, ಫೋಟೋ. ಇಲ್ಲಿಗೆ ಮುಗಿಸಿದ್ದರೆ ನಮ್ಮ ಸಿನಿಮಾ ಥರ ಇರುತ್ತಿತ್ತು. ಊರಿಗೆ ಬಂದ ಮೇಲೆ ‘ಕ್ಯಾಮೆರಾದ ರೀಲು ಕೊಡಿ, ನಾನೇ ತೊಳೆಸುತ್ತೇನೆ’ ಅಂತ ಇಸಿದುಕೊಂಡು, ಕಾರಿನಲ್ಲಿ ಕೂತು, ರೀಲನ್ನು ಎಳೆದು ಬೆಳಕಿಗೆ ಹಿಡಿದು ಹಾಳುಮಾಡುತ್ತಾನೆ. ಥೂ!

ವಿಶ್ವ: ಅದೊಂದು ನನಗೂ ನುಂಗಲಾಗಲಿಲ್ಲ. ಆದರೆ ಅರ್ಥವಾಗುತ್ತದೆ. ಸೋಮವಾರ ಅವನು ಮತ್ತೆ ಕ್ಲಾಸಿಗೆ ಹೋಗಬೇಕು. ಟೋಪಿ ಹಾಕಿದ ಫೋಟೋ ಶಾಲೆಯೆಲ್ಲ ಓಡಾಡಿದರೆ ಯಾರು ಹೆದರುತ್ತಾರೆ?

ಸುಮಾ: ಹೆದರಿಸಿದರೆ ಮಾತ್ರ ಮೇಷ್ಟ್ರಾ?

ವಿಶ್ವ: ನಲವತ್ತು ಜನರ ಮುಂದೆ ಒಂದು ದಿನ ನಿಂತು ನೋಡು.

ಗೀತಾ: ಒಂದು ನಿಮಿಷ. ನಮ್ಮ ಆಗುಂಬೆ ಪ್ರವಾಸದ ಫೋಟೋಗಳು ಏನಾದವು?

(ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ.)

ಸುಮಾ: ಅಯ್ಯೋ.

ಸುಮಾ: 1979ರ ಡಿಸೆಂಬರ್. ಶೃಂಗೇರಿಯಲ್ಲಿ ಲೆಕ್ಕದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ತುಂಗಾ ನದಿಗೆ ಇಳಿದು ನಮಗೆಲ್ಲ ನೀರು ಎರಚಿದ್ದು! ವಾಪಸ್ ಬರುವಾಗ ಬಸ್ಸಿನಲ್ಲಿ ಮಂಡಕ್ಕಿ ತಿನ್ನುತ್ತಾ ಹಾಡಿದ್ದು. ಯಾವತ್ತೂ ನಗದ ಮನುಷ್ಯ.

ಗೀತಾ: ಬೆಂಗಳೂರಿನಲ್ಲಿ ಚೆನ್ನಾಗಿ ತೊಳೆಯುತ್ತಾರೆ, ನಾನೇ ತೊಳೆಸಿಕೊಂಡು ಬರುತ್ತೇನೆ ಅಂತ ರೀಲು ಇಸಿದುಕೊಂಡರು. ಹದಿನೈದು ದಿನ ಬಿಟ್ಟು ‘ಬೆಳಕು ತಾಗಿ ಹಾಳಾಗಿದೆ’ ಅಂದರು. ಆಮೇಲೆ ಮೊದಲಿನ ಹಾಗೇ ಬೆತ್ತ.

ವಿಶ್ವ: ಸುಮ್ನೆ ಏನೇನೋ ಸೇರಿಸಬೇಡಿ. ಆಗಿನ ಅಗ್ಗದ ಕ್ಯಾಮೆರಾ. ಬೆಳಕು ತಾಗುವುದು ಮಾಮೂಲು. ಮೇಷ್ಟ್ರು ತೀರಿಕೊಂಡು ಹತ್ತು ವರ್ಷವಾಯಿತು.

ನಾಗ: ಅಗ್ಗದ್ದಾದರೇನು ಮಾರಾಯ, ನಮ್ಮ ಮಾವನ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ. ರೀಲಿಗೆ 12 ಫೋಟೋ. 12 ಮುಗಿದ ಮೇಲೆ ಪೂರ್ತಿ ಸುತ್ತಿ, ಬಸ್ಸಿನ ಸೀಟಿನ ಕೆಳಗೆ ಕತ್ತಲಲ್ಲಿ ಬಗ್ಗಿ ಹೊರತೆಗೆದು, ಅಂಟಿನ ಪಟ್ಟಿ ನೆಕ್ಕಿ ಅಂಟಿಸಿದ್ದು ನಾನೇ. ನಾಲಿಗೆಗೆ ಅದರ ರುಚಿ ಈಗಲೂ ಇದೆ. ಹಾಗೆ ಅಂಟಿಸಿದ ರೀಲಿಗೆ ಯಾರೂ ಬಿಚ್ಚದೆ ಬೆಳಕು ತಾಗುವುದಿಲ್ಲ.

ಶಶಿ: 😳

ವಿಶ್ವ: ಈ ಸಂದೇಶವನ್ನು ಅಳಿಸಲಾಗಿದೆ

ವಿಶ್ವ: ಇದನ್ನು ಆಗಲೇ ಯಾಕೆ ಹೇಳಲಿಲ್ಲ ನಾಗ?

ನಾಗ: ಹೇಳಿದೆ. ಯಾರು ಕೇಳಿದರು? ನಾಗನಿಗೆ ಕ್ಯಾಮೆರಾ ಹಿಡಿಯಲು ಬರಲ್ಲ ಅಂತ ಬೈದು, ಫೋಟೋಗೆ ಅಂತ ಕೊಟ್ಟಿದ್ದ ಎರಡೆರಡು ರೂಪಾಯಿ ಎಲ್ಲರೂ ವಾಪಸ್ ಇಸಿದುಕೊಂಡಿರಿ. ಮೊದಲು ಕೇಳಿದ್ದು ನೀನೇ ವಿಶ್ವ.

ವಿಶ್ವ: ನೆನಪಿಲ್ಲ.

ನಾಗ: ನನಗಿದೆ. ಬಡ್ಡಿ ಸಮೇತ ಎಷ್ಟಾಯಿತು ಲೆಕ್ಕ ಹಾಕಿ ಫೋನ್‌ಪೇ ಮಾಡು.