ಸಹಾಯ ಬೇಕು: ಸಿಪಿಯು ಮೈನಿಂಗ್ ಅಲ್ಗಾರಿದಮ್, ಒಂದು ಕಡೆ ಸಿಕ್ಕಾಕ್ಕೊಂಡಿದೀನಿ

ಎಲ್ಲರಿಗೂ ನಮಸ್ಕಾರ, ಕಲಿಯೋಕೆ ಅಂತ ಗ್ರಾಫಿಕ್ಸ್ ಕಾರ್ಡ್‌ಗಿಂತ ಮಾಮೂಲಿ ಸಿಪಿಯುಗೇ ಲಾಭ ಆಗೋ ಥರ ಒಂದು ಪುಟ್ಟ ಮೈನಿಂಗ್ ಅಲ್ಗಾರಿದಮ್ (ಕ್ರಿಪ್ಟೊ ಕಾಯಿನ್ ಗಳಿಸೋಕೆ ಕಂಪ್ಯೂಟರ್ ಮಾಡೋ ಲೆಕ್ಕ) ಬರೀತಿದೀನಿ. ಮೊದಲು ಲೈಟ್‌ಕಾಯಿನ್ ಸ್ಕ್ರಿಪ್ಟ್ (scrypt, ಆ ಕಾಯಿನ್ನಿನ ಮೈನಿಂಗ್ ಅಲ್ಗಾರಿದಮ್) ಥರ 128 ಕೆಬಿ ಮೆಮೊರಿ ಇಟ್ಟೆ, ಕಾರ್ಡ್ ಒಂದೇ ಸಲಕ್ಕೆ ಸಾವಿರಾರು ಹ್ಯಾಶ್ (ಮೈನಿಂಗಿನ ಒಂದೊಂದು ಲೆಕ್ಕ) ಓಡಿಸಿ ನನ್ ಸಿಪಿಯುನ ಮೂಲೆಗೆ ಹಾಕ್ತು. ಆಮೇಲೆ ಸಿಪಿಯು ಒಳಗಿನ ವೇಗದ ಮೆಮೊರಿ ಎಲ್3 ಕ್ಯಾಶ್‌ಗೆ ಹೊಂದೋ ಹಾಗೆ 2 ಎಂಬಿ ಮಾಡ್ದೆ, ಸ್ವಲ್ಪ ಪರವಾಗಿಲ್ಲ, ಆದ್ರೂ ಸಾಲ್ದು.

ಈಗ ಮೊನೆರೊ ಅನ್ನೋ ಕಾಯಿನ್ 2019ರಲ್ಲಿ ತಂದ, ಸಿಪಿಯುಗೇ ಅಂತ ಮಾಡಿದ ಅಲ್ಗಾರಿದಮ್ ರ‍್ಯಾಂಡಮ್‌ಎಕ್ಸ್ ನೋಡ್ಕೊಂಡು, ಮೈನರ್ ಪ್ರತಿ ಸಲ ಬದಲಾಯಿಸಿ ನೋಡೋ ಸಂಖ್ಯೆಗೆ, ಅಂದ್ರೆ ಪ್ರತಿ ನಾನ್ಸ್‌ಗೂ ಒಂದು ರ‍್ಯಾಂಡಮ್ ಪ್ರೋಗ್ರಾಂ ಹುಟ್ಟಿಸ್ತಿದೀನಿ, ಬ್ರಾಂಚು (ಷರತ್ತು ನೋಡಿ ದಾರಿ ಬದಲಿಸೋದು), ಫ್ಲೋಟಿಂಗ್ ಪಾಯಿಂಟು (ದಶಮಾಂಶದ ಲೆಕ್ಕ) ಎಲ್ಲಾ ಸೇರ್ಸಿ. ಇಲ್ಲೇ ತಲೆ ಕೆಟ್ಟಿರೋದು: ಮೈನರ್ ಪ್ರೋಗ್ರಾಂ ನೋಡಿ, ಕಷ್ಟದ ಡಿವಿಷನ್ ಜಾಸ್ತಿ ಇದ್ರೆ ಆ ನಾನ್ಸ್ ಬಿಸಾಕಿ ಸುಲಭದ್ದನ್ನ ಮಾತ್ರ ಓಡಿಸಬಹುದಲ್ವಾ? (ನಾನೇ ಮೈನರ್ ಆಗಿದ್ರೂ ಅದನ್ನೇ ಮಾಡ್ತಿದ್ದೆ.) ರ‍್ಯಾಂಡಮ್‌ಎಕ್ಸ್‌ನಲ್ಲಿ ಒಂದು ಹ್ಯಾಶ್‌ಗೆ 8 ಪ್ರೋಗ್ರಾಂ ಸರಪಳಿ ಥರ ಓಡತ್ತೆ, ಹಿಂದಿಂದು ಮುಗಿಯೋವರೆಗೂ ಮುಂದಿಂದು ಏನು ಅಂತ ಗೊತ್ತಾಗಲ್ಲ, ಹಾಗಾಗಿ ಆರಿಸೋಕೆ ಹೋದ್ರೆ ಮಾಡಿದ ಕೆಲ್ಸನೇ ದಂಡ. ಅದು ಅರ್ಥ ಆಯ್ತು. ಆದ್ರೆ ನಾನು 8 ಹಾಕಿದ್ರೆ ಬ್ಲಾಕ್ (ವಹಿವಾಟುಗಳ ಕಟ್ಟು) ವೆರಿಫೈ ಮಾಡೋ ಕಂಪ್ಯೂಟರ್‌ಗಳು, ಅಂದ್ರೆ ನೋಡ್‌ಗಳು ತೆವಳ್ತವೆ, 2 ಹಾಕಿದ್ರೆ ಮೋಸಕ್ಕೆ ದಾರಿ ಉಳಿಯತ್ತೇನೋ ಅಂತ ಭಯ.

ಸರಪಳಿ ಎಷ್ಟು ಉದ್ದ ಇದ್ರೆ ಸಾಕು ಅಂತ ಲೆಕ್ಕ ಹಾಕೋದು ಹೇಗೆ? ಪ್ರೋಗ್ರಾಂಗಳು ತಗೊಳ್ಳೋ ಟೈಮಿನ ಏರುಪೇರು ಅಳೆದು ಹಾಕ್ಬೇಕಾ, ಬೇರೆ ವಿಧಾನ ಇದ್ಯಾ?